ಟೀ ಸುರಿಯದ ಟೀಪಾಟ್‌ಗೆ ಇಷ್ಟು ದುಡ್ಡಾ?

ಕೈಯಲ್ಲಿ ಮಾಡಿದ ಸೆರಾಮಿಕ್ ಬಗ್ಗೆ, ಅದರಲ್ಲೂ ಬಳಕೆಗಿಂತ ಚಹರೆಯೇ ಮುಖ್ಯ ಅನ್ನುವಂಥ ಸೊಟ್ಟ, ಬಿರುಕು, ವಿಚಿತ್ರ ಪಾತ್ರೆಗಳ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಅರ್ಧ ಪ್ರಶ್ನೆ, ಅರ್ಧ ಜಗಳ. ಎರಡೂ ಖುಷಿಯೇ. ಒಂದೇ ಥರದವನ್ನು ಸೇರಿಸಿ, ಉದ್ದ ಇದ್ದವನ್ನು ಸ್ವಲ್ಪ ಕತ್ತರಿಸಿ ಇಲ್ಲಿ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಒಂದು ಪ್ರದರ್ಶನದಲ್ಲಿ ಟೀಪಾಟ್ ನೋಡಿದೆ. ಮೂತಿ ಇದೆ, ಮೂತಿಗೆ ತೂತಿಲ್ಲ. ಮುಚ್ಚಳ ಅಂಟಿಕೊಂಡೇ ಇದೆ, ತೆಗೆಯೋಕೆ ಬರಲ್ಲ. ಬೆಲೆ 22 ಸಾವಿರ. ಕೇಳಿದರೆ ‘ಇದು ಟೀಪಾಟ್ ಅಲ್ಲ, ಟೀಪಾಟ್ ಅನ್ನುವ ಯೋಚನೆ’ ಅಂದರು. ಇದು ಮೋಸ ಅಲ್ವಾ?
– ಓದುಗರು, ಬೆಂಗಳೂರು

ಟೀ ಬರುತ್ತೆ ಅಂತ ಹೇಳಿ ಮಾರಿದ್ದರೆ ಮೋಸ. ಇಲ್ಲಿ ಬರಲ್ಲ ಅನ್ನುವುದು ಕಣ್ಣಿಗೇ ಕಾಣುತ್ತಿದೆ. ಹಾಗಾಗಿ ಕೇಳಬೇಕಾದ್ದು ಬೇರೆ. ಟೀ ಬಾರದಿದ್ದರೂ ಅದರಲ್ಲಿ ನೋಡೋಕೆ ಏನಾದರೂ ಇತ್ತಾ? ಇರಲಿಲ್ಲ ಅಂದರೆ 22 ಸಾವಿರ ಬಿಡಿ, 22 ರೂಪಾಯಿಯೂ ಜಾಸ್ತಿ. ಆ ‘ಯೋಚನೆ’ ಮಾತು ಓದಿ ನನಗೂ ಸಿಟ್ಟು ಬಂತು. ಮಣ್ಣಿನ ವಸ್ತು ಮಾರುವವರು ಮಣ್ಣಿನ ಬಗ್ಗೆ ಮಾತಾಡಲಿ.

ಆದರೆ ಪಾತ್ರೆಯ ಬಾಯಿ ಮುಚ್ಚುವುದು ಇವತ್ತು ನಿನ್ನೆ ಹುಟ್ಟಿದ ಶೋಕಿ ಅಲ್ಲ. ಜಪಾನಿನ ಕ್ಯೋಟೋದಲ್ಲಿ 1948ರಲ್ಲಿ ಕೆಲವು ಯುವ ಕುಂಬಾರರು ಸೇರಿ ಸೋದೇಶಾ ಅಂತ ಒಂದು ಗುಂಪು ಕಟ್ಟಿಕೊಂಡರು. ಅವರಲ್ಲಿ ಮುಖ್ಯನಾದ ಯಾಗಿ ಕಜುವೋ ಕುಂಬಾರನ ಮಗನೇ. ಹೂದಾನಿಯ ಬಾಯಿ ಮುಚ್ಚಿಬಿಟ್ಟರೆ ಅದು ಇನ್ನೂ ಮಡಕೆಯಾ, ಶಿಲ್ಪವಾ ಅನ್ನುವುದು ಅವರ ನಡುವೆ ನಿಜವಾದ ವಾಗ್ವಾದವೇ ಆಗಿತ್ತು. 1954ರಲ್ಲಿ ಯಾಗಿ ‘ಸಾಮ್ಸಾನ ವಾಕಿಂಗ್’ ಅನ್ನುವ ಒಂದು ವಸ್ತು ಮಾಡಿದ (ಸಾಮ್ಸಾ ಅಂದರೆ ಕಾಫ್ಕಾನ ಕತೆಯಲ್ಲಿ ಹುಳವಾಗಿಬಿಡುವವನು). ನೆಟ್ಟಗೆ ನಿಂತ ಒಂದು ದಪ್ಪ ಬಳೆ, ಅದರ ಮೈತುಂಬಾ ಚಿಕ್ಕ ಚಿಕ್ಕ ಕೊಳವೆಗಳು, ಯಾವುದೋ ಹುಳ ಕಾಲು ಚಾಚಿದ ಹಾಗೆ. ಹೂವು ಇಡೋಕಾಗಲ್ಲ, ನೀರು ತುಂಬೋಕಾಗಲ್ಲ. ಆದರೆ ಹತ್ತಿರ ಹೋಗಿ ನೋಡಿದರೆ ಬಳೆಯೂ ಚಕ್ರದ ಮೇಲೆ ತಿರುಗಿಸಿದ್ದು, ಕೊಳವೆಗಳೂ ಚಕ್ರದ ಮೇಲೆ ತಿರುಗಿಸಿದ್ದು. ಕೆಲಸ ಪೂರ್ತಿ ಕುಂಬಾರನದ್ದೇ. ಪಾತ್ರೆ ಅನ್ನುವುದೊಂದನ್ನು ಮಾತ್ರ ಬಿಟ್ಟಿದ್ದಾನೆ.

ಅಮೆರಿಕದ ಬೆಟ್ಟಿ ವುಡ್‌ಮನ್ ದಾರಿ ಬೇರೆ. 1950ರ ದಶಕದಲ್ಲಿ ಅವರು ಊಟದ ತಟ್ಟೆ, ಬಟ್ಟಲು ಮಾಡುತ್ತಿದ್ದವರು. ಆಮೇಲೆ ‘ದಿಂಬಿನ ಹೂಜಿ’ ಮಾಡತೊಡಗಿದರು. ಚಕ್ರದ ಮೇಲೆ ಎತ್ತಿದ ಎರಡು ಕೊಳವೆಗಳನ್ನು ಅಡ್ಡ ಮಲಗಿಸಿ, ಬಾಯಿಗೆ ಬಾಯಿ ಸೇರಿಸಿ, ಎರಡೂ ತುದಿಗಳನ್ನು ಚಿವುಟಿ ಮುಚ್ಚುವುದು. ಮೇಲೊಂದು ಕುತ್ತಿಗೆ, ಹಿಂದೊಂದು ಹಿಡಿ. ಲೆಕ್ಕಕ್ಕೆ ಅದರಲ್ಲಿ ನೀರು ತುಂಬಿ ಸುರಿಯಬಹುದು. ಯಾರೂ ಸುರಿಯಲ್ಲ ಅಷ್ಟೇ. 2006ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಅವರ ಕೆಲಸಗಳ ದೊಡ್ಡ ಪ್ರದರ್ಶನ ಮಾಡಿತು.

ಇನ್ನು ನಿಮ್ಮ ಟೀಪಾಟ್‌ಗೆ ಬರೋಣ. ಮುಂದಿನ ಸಲ ಹೋದಾಗ ಕೇಳಿಕೊಂಡು ಅದನ್ನು ಮೆಲ್ಲಗೆ ತಿರುಗಿಸಿ ತಳ ನೋಡಿ. ಪೂರ್ತಿ ಮುಚ್ಚಿದ ಪಾತ್ರೆಯನ್ನು ಹಾಗೇ ಭಟ್ಟಿಗೆ ಹಾಕಿದರೆ ಒಳಗಿನ ಗಾಳಿಗೆ, ಆವಿಗೆ ಹೊರಗೆ ಬರೋಕೆ ದಾರಿ ಇರಲ್ಲ, ಸೀಳಬಹುದು. ಅದಕ್ಕೇ ತಿಳಿದವರು ಯಾರಿಗೂ ಕಾಣದ ಕಡೆ ಒಂದು ಸೂಜಿ ತೂತು ಬಿಟ್ಟಿರುತ್ತಾರೆ. ಆ ತೂತು ಎಲ್ಲಿದೆ, ಅದನ್ನು ಎಷ್ಟು ಜಾಣತನದಿಂದ ಬಚ್ಚಿಟ್ಟಿದ್ದಾರೆ ಅನ್ನುವುದರಲ್ಲೇ ಮಾಡಿದವರ ಕೈ ಗೊತ್ತಾಗುತ್ತೆ. ಆಮೇಲೆ ಹೊಟ್ಟೆ ನೋಡಿ. ಬಾಯಿ ಮುಚ್ಚಿದ ಪಾತ್ರೆಯ ಹೊಟ್ಟೆ ಒಳಗಿನಿಂದ ಉಬ್ಬಿ ಬಂದ ಹಾಗೆ ಬಿಗಿಯಾಗಿ ಕಾಣಬೇಕು. ಜೋತುಬಿದ್ದಿದ್ದರೆ ಅದು ಮುಚ್ಚಿದ ಟೀಪಾಟ್ ಅಲ್ಲ, ಕೆಟ್ಟ ಟೀಪಾಟ್.

ಬೆಲೆ ಬಗ್ಗೆ ಒಂದು ಮಾತು. ಹಸಿ ಮಣ್ಣು ಒಣಗಿ ಸುಟ್ಟು ಬರುವಷ್ಟರಲ್ಲಿ ಸಾಮಾನ್ಯವಾಗಿ ನೂರಕ್ಕೆ ಹತ್ತು ಹನ್ನೆರಡು ಭಾಗ ಕುಗ್ಗುತ್ತೆ. ಮೂತಿ, ಹಿಡಿ, ಹೊಟ್ಟೆ ಒಂದೊಂದು ದಪ್ಪ ಇದ್ದರೆ ಒಂದೊಂದು ವೇಗದಲ್ಲಿ ಕುಗ್ಗಿ ಕೂಡಿಸಿದ ಕಡೆಯೇ ಬಿಟ್ಟುಕೊಳ್ಳುತ್ತವೆ. ಎರಡು ಸಲ ಸುಡಬೇಕು, ಎರಡು ಸಲವೂ ಒಡೆಯುವ ಭಯ ಇದ್ದೇ ಇದೆ. ನೀವು ನೋಡಿದ ಒಂದರ ಬೆಲೆಯಲ್ಲಿ ಕಸಕ್ಕೆ ಹೋದವುಗಳ ಬೆಲೆಯೂ ಸೇರಿರುತ್ತೆ. ಹಾಗಂತ ಎಲ್ಲ 22 ಸಾವಿರವೂ ನ್ಯಾಯದ್ದೇ ಅಂತ ನಾನು ಹೇಳುತ್ತಿಲ್ಲ.

ಪ್ರಶ್ನೆ: ನಾವು ಹ್ಯೂಸ್ಟನ್‌ನಲ್ಲಿದ್ದೇವೆ, ಮೂಲ ಸಾಗರ. ರಜೆಗೆ ನ್ಯೂ ಆರ್ಲಿಯನ್ಸ್ ಕಡೆ ಹೋಗುತ್ತಿದ್ದೇವೆ. ಇಂಥ ಕೆಲಸ ನೋಡೋಕೆ ಆ ಕಡೆ ಏನಾದರೂ ಇದೆಯಾ? ಮಕ್ಕಳಿಗೆ ಬೋರ್ ಆಗಬಾರದು.
– ಓದುಗರು, ಹ್ಯೂಸ್ಟನ್

ಇದೆ, ಮತ್ತು ಮಕ್ಕಳಿಗೆ ಬೋರ್ ಆಗುವ ಮನುಷ್ಯ ಅಲ್ಲವೇ ಅಲ್ಲ ಅವನು. ನ್ಯೂ ಆರ್ಲಿಯನ್ಸ್‌ನಿಂದ ಕಡಲ ದಂಡೆ ಹಿಡಿದು ಪೂರ್ವಕ್ಕೆ ಒಂದೂವರೆ ಗಂಟೆ ಹೋದರೆ ಮಿಸಿಸಿಪಿಯ ಬಿಲಾಕ್ಸಿ ಊರು. ಅಲ್ಲಿ ಜಾರ್ಜ್ ಓರ್ ಅಂತ ಒಬ್ಬ ಕುಂಬಾರ ಇದ್ದ. 1857ರಲ್ಲಿ ಹುಟ್ಟಿದವನು, ಕಮ್ಮಾರನ ಮಗ. ಎದೆ ಮೇಲೆ ಬೀಳುವ ಮೀಸೆ, ಕ್ಯಾಮೆರಾ ಮುಂದೆ ಕಣ್ಣು ಮೆಳ್ಳೆ ಮಾಡಿ ನಿಲ್ಲುವ ಚಟ. ಊರವರು ಅವನನ್ನು ಹುಚ್ಚ ಅಂದರು, ಅವನೂ ಆ ಹೆಸರನ್ನೇ ವ್ಯಾಪಾರಕ್ಕೆ ಬಳಸಿಕೊಂಡು ಬಿಲಾಕ್ಸಿಯ ಹುಚ್ಚು ಕುಂಬಾರ ಅಂತ ಮೆರೆದ. ಮಕ್ಕಳಿಗೆ ಲಿಯೋ, ಝಿಯೋ, ಓಟೋ, ಓಜೋ, ಕ್ಲೋ ಅಂತ ಇಂಗ್ಲಿಷಿನ ಮೂರೇ ಅಕ್ಷರದ ಹೆಸರಿಟ್ಟ.

ಹೊಟ್ಟೆಪಾಡಿಗೆ ಅವನು ಹೂಕುಂಡ ಮಾಡಿದ, ಪ್ರವಾಸಿಗರಿಗೆ ಆಟದ ಮಗ್‌ಗಳನ್ನು ಮಾರಿದ. ಆ ಮಗ್ ತಮಾಷೆ ಏನು ಅಂದರೆ ಅದರ ಕುತ್ತಿಗೆ ತುಂಬಾ ತೂತು. ಸುಮ್ನೆ ಕುಡಿಯೋಕೆ ಹೋದರೆ ಅಂಗಿ ಮೇಲೆ ಸುರಿಯುತ್ತೆ, ಹಿಡಿಯೊಳಗಿನ ಗುಟ್ಟಿನ ಕೊಳವೆಯಿಂದ ಹೀರಬೇಕು. ಮಕ್ಕಳು ಇದಕ್ಕೆ ಬೀಳುತ್ತಾರೆ ನೋಡಿ.

ಆದರೆ ಅವನ ಪ್ರಾಣ ಇದ್ದದ್ದು ಬೇರೆ ಕಡೆ. ಚಕ್ರದ ಮೇಲೆ ಮಣ್ಣನ್ನು ಹಪ್ಪಳದಷ್ಟು ತೆಳ್ಳಗೆ ಎತ್ತುತ್ತಿದ್ದ. ಅದು ಹಸಿ ಇರುವಾಗಲೇ ತಿರುಚುವುದು, ಮಡಿಸುವುದು, ಬದಿಗೆ ಗುಳಿ ಹಾಕುವುದು, ಅಂಚನ್ನು ಸೀರೆಯ ನೆರಿಗೆಯ ಹಾಗೆ ಮುದುಡುವುದು. ಅಷ್ಟು ತೆಳು ಗೋಡೆಯನ್ನು ಒಂದು ಸುತ್ತು ತಿರುಚಿದರೆ ಬೇರೆಯವರ ಕೈಯಲ್ಲಿ ಕುಸಿದು ಗುಪ್ಪೆ ಆಗುತ್ತೆ. ಇವನ ಕೈಯಲ್ಲಿ ನಿಲ್ಲುತ್ತಿತ್ತು. 1894ರಲ್ಲಿ ಊರಿಗೆ ಬೆಂಕಿ ಬಿದ್ದು ಕಾರ್ಖಾನೆ ಸುಟ್ಟುಹೋಯಿತು. ಬೂದಿಯೊಳಗಿಂದ ಕರಕಲಾದ ಮಡಕೆಗಳನ್ನು ಹೆಕ್ಕಿ ಸುಟ್ಟ ಕೂಸುಗಳು ಅಂತ ಕರೆದು ಇಟ್ಟುಕೊಂಡ. ಅವನ ಅತಿ ಧೈರ್ಯದ ಕೆಲಸಗಳೆಲ್ಲ ಬೆಂಕಿಯ ನಂತರದ್ದು. ಕೊನೆಕೊನೆಗೆ ಗ್ಲೇಜ್ (ಸುಟ್ಟಾಗ ಗಾಜಿನಂತಾಗುವ ಲೇಪ) ಹಚ್ಚುವುದನ್ನೂ ಬಹುಪಾಲು ಬಿಟ್ಟು ಬರಿ ಸುಟ್ಟ ಮಣ್ಣಿನಲ್ಲೇ ನಿಂತ.

ಜನ ಕೊಳ್ಳಲಿಲ್ಲ. ಅವನೂ ಇಳಿಸಿದ ಬೆಲೆಗೆ ಕೊಡಲಿಲ್ಲ. 1918ರಲ್ಲಿ ತೀರಿಕೊಂಡ. ಮಕ್ಕಳು ಕಾರು ರಿಪೇರಿ ಅಂಗಡಿ ನಡೆಸುತ್ತಿದ್ದರು, ಸಾವಿರಾರು ಮಡಕೆಗಳು ದಶಕಗಟ್ಟಲೆ ಡಬ್ಬಗಳಲ್ಲೇ ಬಿದ್ದಿದ್ದವು. 1960ರ ದಶಕದ ಕೊನೆಯಲ್ಲಿ ಹಳೆ ಸಾಮಾನು ಹುಡುಕಿಕೊಂಡು ಬಂದ ನ್ಯೂಜೆರ್ಸಿಯ ಒಬ್ಬ ವ್ಯಾಪಾರಿಯ ಕಣ್ಣಿಗೆ ಬಿದ್ದು ಆಮೇಲೆ ಇಡೀ ರಾಶಿ ಅವನ ಕೈಸೇರಿತು. ವರ್ಣಚಿತ್ರಕಾರ ಜಾಸ್ಪರ್ ಜಾನ್ಸ್ ಓರ್‌ನ ಮಡಕೆಗಳನ್ನು ಕೊಂಡಿದ್ದಷ್ಟೇ ಅಲ್ಲ, ತನ್ನ ಚಿತ್ರಗಳಲ್ಲೂ ಬರೆದ.

ಬಿಲಾಕ್ಸಿಯ ಓರ್-ಓಕೀಫ್ ಮ್ಯೂಸಿಯಂ ಕಟ್ಟಡವನ್ನು ವಿನ್ಯಾಸ ಮಾಡಿದ್ದು ಫ್ರಾಂಕ್ ಗೆರಿ. ಕಟ್ಟುತ್ತಿರುವಾಗಲೇ 2005ರ ಕತ್ರಿನಾ ಚಂಡಮಾರುತದಲ್ಲಿ ಕ್ಯಾಸಿನೋದ ಒಂದು ದೊಡ್ಡ ದೋಣಿ ತೇಲಿ ಬಂದು ಒಂದು ಭಾಗದ ಮೇಲೆ ಅಪ್ಪಳಿಸಿತು. 2010ರಲ್ಲಿ ತೆರೆಯಿತು. ಹೋದಾಗ ಒಂದು ಕೆಲಸ ಮಾಡಿ. ಮಕ್ಕಳನ್ನು ಗಾಜಿನ ಪೆಟ್ಟಿಗೆಯ ಎತ್ತರಕ್ಕೆ ಎತ್ತಿಕೊಂಡು ಮಡಕೆಯ ಅಂಚು ತೋರಿಸಿ. ಮೇಲಿನಿಂದ ನೋಡಿದರೇ ಅದು ಎಷ್ಟು ತೆಳು ಅನ್ನುವುದು ಗೊತ್ತಾಗುವುದು.

ಪ್ರಶ್ನೆ: ನನ್ನ ಮಗಳು ಕುಂಬಾರಿಕೆ ಕ್ಲಾಸಿಗೆ ಹೋಗುತ್ತಿದ್ದಾಳೆ. ಈಗ ಏನು ಮಾಡಿದರೂ ಸೊಟ್ಟ. ಕೇಳಿದರೆ ‘ಅಮ್ಮಾ, ಅದೇ ಸ್ಟೈಲ್, ನಿಂಗೆ ಗೊತ್ತಾಗಲ್ಲ’ ಅಂತಾಳೆ. ಬೇಕಂತ ಮಾಡಿದ ಸೊಟ್ಟಕ್ಕೂ ಬರದೇ ಆದ ಸೊಟ್ಟಕ್ಕೂ ವ್ಯತ್ಯಾಸ ಹೇಗೆ ತಿಳಿಯುವುದು?
– ಓದುಗರು, ಶಿವಮೊಗ್ಗ

ನಿಮ್ಮ ಮಗಳಿಗೆ ಸಿಟ್ಟು ಬಂದರೆ ಬರಲಿ, ನೇರವಾಗಿ ಹೇಳುತ್ತೇನೆ. ಒಂದೇ ಅಳತೆಯ ಆರು ಬಟ್ಟಲು ನೆಟ್ಟಗೆ ಮಾಡಿ ತೋರಿಸು ಅನ್ನಿ. ಮಾಡಿದರೆ ಏಳನೆಯದನ್ನು ಹೇಗೆ ಬೇಕಾದರೂ ಸೊಟ್ಟ ಮಾಡಿಕೊಳ್ಳಲಿ, ನೀವು ಬಾಯಿ ಹಾಕಬೇಡಿ.

ಇದು ಅಜ್ಜಿ ಕಾಲದ ಶಿಸ್ತಿನ ಮಾತಲ್ಲ. ಸೊಟ್ಟ ಮಾಡಿದವರಲ್ಲೆಲ್ಲ ದೊಡ್ಡ ಹೆಸರು ಪೀಟರ್ ವಾಲ್ಕೋಸ್. ಗ್ರೀಕ್ ವಲಸಿಗರ ಮಗ, 1924ರಲ್ಲಿ ಅಮೆರಿಕದ ಮೊಂಟಾನಾದಲ್ಲಿ ಹುಟ್ಟಿದ. ಹೆಲೆನಾ ಊರಿನ ಇಟ್ಟಿಗೆ ಕಾರ್ಖಾನೆಯ ಅಂಗಳದಲ್ಲಿ 1951ರಲ್ಲಿ ಶುರುವಾದ ಆರ್ಚಿ ಬ್ರೇ ಕೇಂದ್ರದಲ್ಲಿ ದುಡಿದ. ಆಗೆಲ್ಲ ಅವನು ಮಾಡುತ್ತಿದ್ದದ್ದು ಅಚ್ಚುಕಟ್ಟಾದ ಹೂಜಿ, ಭರಣಿ, ತಟ್ಟೆ. ಅದಕ್ಕೆ ಬಹುಮಾನಗಳೂ ಬಂದವು. 1954ರಲ್ಲಿ ಲಾಸ್ ಏಂಜಲಿಸ್‌ನ ಓಟಿಸ್ ಕಲಾಶಾಲೆಗೆ ಕಲಿಸೋಕೆ ಹೋದ ಮೇಲೆ ವರಸೆ ಬದಲಾಯಿತು. ದೊಡ್ಡ ದೊಡ್ಡ ಕೊಳವೆಗಳನ್ನು ಎತ್ತಿ, ಒಂದರ ಮೇಲೊಂದು ಪೇರಿಸಿ, ಗುದ್ದಿ, ಸೀಳಿ, ಹರಿದು ಬಿಡುತ್ತಿದ್ದ. ಶಾಲೆಯ ಮುಖ್ಯಸ್ಥರಿಗೆ ಇದು ಹಿಡಿಸಲಿಲ್ಲ, ಜಗಳವಾಗಿ 1959ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೆ ಹೋದ. ಅವನ ಹರಿದ ತಟ್ಟೆಗಳನ್ನು ನೋಡಿ ‘ಇದನ್ನು ನಾನೂ ಮಾಡ್ತೀನಿ’ ಅಂದುಕೊಂಡವರು ಬಹಳ. ಮಾಡಿದ್ದನ್ನು ಅವನದರ ಪಕ್ಕ ಇಟ್ಟಾಗ ಗೊತ್ತಾಗುತ್ತೆ.

ವ್ಯತ್ಯಾಸ ಎಲ್ಲಿದೆ ಅಂದರೆ ಹದದಲ್ಲಿ. ಚಕ್ರದಿಂದ ಆಗಷ್ಟೇ ಇಳಿದ ಹಸಿ ಗೋಡೆಯನ್ನು ಬೆರಳಲ್ಲಿ ಒತ್ತಿದರೆ ಗುಳಿ ಮೆತ್ತಗೆ ಬೀಳುತ್ತೆ, ಗೋಡೆಯ ಒಳಬದಿ ತಾನಾಗಿಯೇ ಉಬ್ಬುತ್ತೆ. ಅರ್ಧ ಒಣಗಿ ಚರ್ಮದ ಹಾಗೆ ಆದಾಗ ಒತ್ತಿದರೆ ಗುಳಿಯ ಸುತ್ತ ಕೂದಲೆಳೆ ಬಿರುಕು ಮೂಡುತ್ತೆ, ಸೀಳಿದರೆ ಅಂಚು ಹರಿದ ರೊಟ್ಟಿಯಂತೆ ಒರಟಾಗಿ ಬರುತ್ತೆ. ಪೂರ್ತಿ ಒಣಗಿದ್ದರೆ ಒಡೆಯುತ್ತೆ ಅಷ್ಟೇ. ತಿಳಿದವರ ಕೆಲಸದಲ್ಲಿ ಯಾವ ಹದದಲ್ಲಿ ಕೈ ಹಾಕಿದರು ಅನ್ನುವುದು ಓದಿಕೊಳ್ಳುವಷ್ಟು ಸ್ಪಷ್ಟ ಇರುತ್ತೆ. ಬರದೇ ಆದ ಸೊಟ್ಟದಲ್ಲಿ ಮೂರು ಲಕ್ಷಣ. ತಳ ಕಲ್ಲಿನ ಹಾಗೆ ಭಾರ, ಗೋಡೆ ಒಂದು ಬದಿ ದಪ್ಪ ಒಂದು ಬದಿ ತೆಳು, ಮತ್ತೆ ಅಂಚು ಎತ್ತ ಬೇಕೋ ಅತ್ತ ಅಲೆದಿರುತ್ತೆ. ಬಟ್ಟಲನ್ನು ಕೈಗೆತ್ತಿಕೊಂಡರೆ ಕಣ್ಣು ಮುಚ್ಚಿಕೊಂಡೇ ಹೇಳಬಹುದು.

ಇನ್ನೊಂದು ವಿಚಿತ್ರ ಇದೆ, ಮಗಳಿಗೆ ಇದು ಇಷ್ಟವಾಗಬಹುದು. ಹಸಿ ಮಡಕೆಗೆ ಕೈ ತಾಗಿ ಸೊಟ್ಟವಾಯಿತು, ಸರಿಮಾಡಿ ಇಟ್ಟಿರಿ ಅಂದುಕೊಳ್ಳಿ. ಒಣಗಿ ಸುಟ್ಟು ಬಂದಾಗ ಅದು ಮತ್ತೆ ಅದೇ ಕಡೆಗೆ ವಾಲಿರುತ್ತೆ. ಮಣ್ಣಿಗೆ ನೆನಪಿದೆ ಅಂತಾರೆ ಕುಂಬಾರರು. ಮಣ್ಣಿನ ಕಣಗಳು ಚಪ್ಪಟೆ, ಒಮ್ಮೆ ಒಂದು ದಿಕ್ಕಿಗೆ ಸಾಲಾಗಿ ಕೂತವು ಮೇಲುಮೇಲಿನ ರಿಪೇರಿಗೆ ಪೂರ್ತಿ ಜಗ್ಗಲ್ಲ, ಅದೇ ಕಾರಣ.

ಪ್ರಶ್ನೆ: ನಮ್ಮೂರ ಕುಂಬಾರ ಕಾಕಾ ಸೊಟ್ಟ ಗಡಿಗಿ ಬಂದ್ರ ಆವಿಗಿ ಪಕ್ಕಕ್ಕ ಒಗೀತಾರ. ಜಪಾನದಾಂವ ಸೊಟ್ಟ ಮಾಡಿದ್ರ ಲಕ್ಷ, ಕೋಟಿ. ಇದೇನ್ ನ್ಯಾಯರೀ?
– ಓದುಗರು, ಹಾವೇರಿ ಜಿಲ್ಲೆ

ನ್ಯಾಯ ಅಲ್ಲ. ಅರ್ಧ ಉತ್ತರ ಇಷ್ಟೇ. ಹೆಸರಿಗೆ, ಗ್ಯಾಲರಿಗೆ, ಕತೆಗೆ ದುಡ್ಡು ಬರುತ್ತೆ, ಸಂತೆಯಲ್ಲಿ ಕೂತವರಿಗೆ ಬರಲ್ಲ. ಇದನ್ನು ಯಾವ ಸೌಂದರ್ಯದ ಮಾತಿನಿಂದಲೂ ಮುಚ್ಚಿಡಬಾರದು.

ಉಳಿದರ್ಧ ಸ್ವಲ್ಪ ತಮಾಷೆಯಾಗಿದೆ. ಜಪಾನಿನಲ್ಲಿ ಅತಿ ಹೆಚ್ಚು ಗೌರವ ಪಡೆದ ಟೀ ಬಟ್ಟಲುಗಳಲ್ಲಿ ಒಂದು ಕಿಜಾಯೆಮೊನ್ ಅನ್ನುವುದು. ಅದನ್ನು ಮಾಡಿದ್ದು ಜಪಾನೀಯರೇ ಅಲ್ಲ, ಹದಿನಾರನೇ ಶತಮಾನದ ಕೊರಿಯಾದ ಯಾರೋ ಹೆಸರಿಲ್ಲದ ಕುಂಬಾರ. ಚಕ್ರದ ಗೆರೆಗಳು ಹಾಗೇ ಉಳಿದಿವೆ, ಮೈತುಂಬಾ ಗ್ಲೇಜ್ ಸೀಳು, ತಳದ ಸುತ್ತ ಗ್ಲೇಜ್ ಮುದುರಿ ಹನಿಹನಿಯಾಗಿ ನಿಂತಿದೆ. ಈಗ ಕ್ಯೋಟೋದ ದೈತೊಕುಜಿ ದೇವಾಲಯದ ಕೊಹೋ-ಆನ್ ಅನ್ನುವ ಉಪದೇಗುಲದಲ್ಲಿದೆ, ರಾಷ್ಟ್ರೀಯ ಸಂಪತ್ತು ಅಂತ ಘೋಷಣೆಯೂ ಆಗಿದೆ. ಅದನ್ನು ಇಟ್ಟುಕೊಂಡವರಿಗೆ ಮೈಮೇಲೆ ಕುರು ಏಳುತ್ತೆ ಅಂತ ಒಂದು ಕತೆ ಬೇರೆ. ಯಾನಗಿ ಸೊಯೆತ್ಸು ಅನ್ನುವ ವಿಮರ್ಶಕ ಅದನ್ನು 1931ರಲ್ಲಿ ನೋಡಿ ಬರೆದದ್ದರ ಸಾರ ಇಷ್ಟು: ಇದು ಬಡವರ ದಿನಬಳಕೆಯ ಬಟ್ಟಲು, ಚಂದ ಮಾಡಬೇಕು ಅಂತ ಯಾರೂ ಹೊರಡಲಿಲ್ಲ, ಅದಕ್ಕೇ ಚಂದವಾಗಿದೆ. ಅಂದರೆ ಆ ಕುಂಬಾರನೂ ನಿಮ್ಮ ಕಾಕಾನ ಪೈಕಿಯೇ. ಮಾಡಿದವನಿಗೆ ಒಂದು ಕಾಸು ಹೆಚ್ಚಿಗೆ ಸಿಕ್ಕಿರಲಿಕ್ಕಿಲ್ಲ. ನನಗೆ ಯಾನಗಿಯ ಮಾತು ಪೂರ್ತಿ ಒಪ್ಪಿಗೆ ಇಲ್ಲ. ಬಡ ಕುಂಬಾರನಿಗೆ ಚಂದದ ಅರಿವೇ ಇರಲಿಲ್ಲ ಅನ್ನುವುದು ದೊಡ್ಡವರ ಮನೆಯಲ್ಲಿ ಕೂತು ಹೇಳುವ ಮಾತು.

ಕಾಕಾ ಸೊಟ್ಟ ಗಡಿಗೆ ಒಗೆಯುವುದಕ್ಕೆ ಗಟ್ಟಿ ಕಾರಣ ಇದೆ. ಅವರ ಗಡಿಗೆ ಸಿಂಬಿ ಮೇಲೆ ಕೂರಬೇಕು, ಒಂದರ ಮೇಲೊಂದು ನಿಲ್ಲಬೇಕು, ಒಲೆ ಮೇಲೆ ಬಿರಿಯಬಾರದು. ಒಳಗೆ ಕಲ್ಲು ಹಿಡಿದು ಹೊರಗಿನಿಂದ ಹಲಗೆಯಲ್ಲಿ ತಟ್ಟಿ ತಟ್ಟಿ ಅಷ್ಟು ದೊಡ್ಡ ಹೊಟ್ಟೆಯನ್ನು ಒಂದೇ ದಪ್ಪಕ್ಕೆ ತರುವುದಿದೆಯಲ್ಲ, ಸ್ಟುಡಿಯೋದಲ್ಲಿ ಕೂತ ನಮ್ಮಂಥವರಲ್ಲಿ ಬಹಳ ಜನರಿಗೆ ಅದು ಬರಲ್ಲ. ಅಲ್ಲಿ ಸೊಟ್ಟ ಅಂದರೆ ನಷ್ಟ.

ಆದರೆ ಇದೇ ಕಾಕಾನ ಮನೆಯಲ್ಲಿ ಭಾದ್ರಪದದಲ್ಲಿ ಏನು ಹುಟ್ಟುತ್ತೆ? ಜೋಕುಮಾರ. ಅಗಲ ಕಣ್ಣು, ತೆರೆದ ಬಾಯಿ, ಹುರಿ ಮೀಸೆ, ಇನ್ನುಳಿದದ್ದನ್ನು ನಿಮ್ಮಜ್ಜಿಯನ್ನು ಕೇಳಿ. ಬೇವಿನ ಸೊಪ್ಪಿನ ಜೊತೆ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಹಚ್ಚಿ, ಹೆಣ್ಣುಮಕ್ಕಳು ತಲೆ ಮೇಲೆ ಹೊತ್ತು ಹಾಡುತ್ತಾ ಮನೆಮನೆ ತಿರುಗುತ್ತಾರೆ. ಅವನ ಮೂಗು ನೇರ ಇದೆಯಾ ಅಂತ ಯಾರಾದರೂ ಸ್ಕೇಲ್ ಹಿಡಿದು ನೋಡಿದ್ದುಂಟಾ? ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಜೋಡೆತ್ತುಗಳನ್ನೂ ನೋಡಿ. ಕಾಲು ಮೊಂಡ, ಹಿಣಿಲು ಎರಡು ಬೆರಳಲ್ಲಿ ಚಿವುಟಿ ಎತ್ತಿದ್ದು, ಕೋಡಿಗೆ ಮುರುಕು ಕಡ್ಡಿ. ಸುಡುವುದೂ ಇಲ್ಲ. ಎತ್ತಿನ ಗತ್ತು ಮಾತ್ರ ಪೂರ್ತಿ ಇರುತ್ತೆ. ಬಳಕೆಗಿಂತ ಚಹರೆ ದೊಡ್ಡದು ಅನ್ನುವ ಮಣ್ಣಿನ ಕೆಲಸ ಹುಡುಕಿಕೊಂಡು ಹಾವೇರಿಯವರು ಕ್ಯೋಟೋವರೆಗೆ ಹೋಗಬೇಕಾಗಿಲ್ಲ. ಕಾಕಾಗೆ ಗಡಿಗೆಗೆ ಕೊಟ್ಟಷ್ಟೇ ಎತ್ತಿಗೂ ಕೊಡದೆ ನಾಲ್ಕು ಪಟ್ಟು ಕೊಟ್ಟರೆ ನಿಮ್ಮ ಸಿಟ್ಟಿಗೂ ಒಂದು ಅರ್ಥ ಬರುತ್ತೆ.

ಪ್ರಶ್ನೆ: ಉಡುಗೊರೆಯಾಗಿ ‘ರಾಕು’ ಬಟ್ಟಲು ಬಂದಿದೆ. ತಾಮ್ರದ ಬಣ್ಣ ಮಿರಿಮಿರಿ, ಮೈಮೇಲೆ ಕಪ್ಪು ಬಿರುಕಿನ ಬಲೆ. ಇದರಲ್ಲಿ ಸಾರು, ಉಪ್ಪಿನಕಾಯಿ ಹಾಕಬಹುದಾ? ಮೈಕ್ರೋವೇವ್?
– ಓದುಗರು, ಉಡುಪಿ

ಬೇಡ. ಸಾರು ಬೇಡ, ಉಪ್ಪಿನಕಾಯಿ ಬೇಡವೇ ಬೇಡ, ಮೈಕ್ರೋವೇವ್ ಅಂತೂ ಹತ್ತಿರ ಸುಳಿಯಬಾರದು.

ಕಾರಣ ಹೇಳುತ್ತೇನೆ. ರಾಕು ಮೂಲತಃ ಕ್ಯೋಟೋದ್ದು. ಹದಿನಾರನೇ ಶತಮಾನದಲ್ಲಿ ಸೆನ್ ನೊ ರಿಕ್ಯೂ ಅನ್ನುವ ಜಪಾನಿ ಟೀ ಆಚರಣೆಯ ಗುರುವಿಗಾಗಿ ಚೋಜಿರೋ ಅನ್ನುವವನು ಚಕ್ರ ಬಳಸದೆ ಕೈಯಲ್ಲೇ ಹಿಸುಕಿ, ಕೆತ್ತಿ ಮಾಡಿದ ಬಟ್ಟಲುಗಳಿಂದ ಅದು ಶುರು. ಅದೇ ಮನೆತನದ ಹದಿನಾರನೇ ತಲೆಮಾರು ಈಗಲೂ ಮಾಡುತ್ತಿದೆ. ಕೆಂಡದಂತಿರುವಾಗಲೇ ಭಟ್ಟಿಯಿಂದ ಇಕ್ಕಳದಲ್ಲಿ ಹೊರಗೆ ತೆಗೆದು ಗಾಳಿಗೆ ಆರಿಸುತ್ತಾರೆ. ನಿಮ್ಮ ಬಟ್ಟಲು ಆ ಜಾತಿಯದ್ದಲ್ಲ. 1960ರ ಸುಮಾರಿಗೆ ವಾಲ್ಕೋಸ್‌ನ ಶಿಷ್ಯ ಪಾಲ್ ಸೋಲ್ಡ್‌ನರ್ ಕ್ಯಾಲಿಫೋರ್ನಿಯಾದಲ್ಲಿ ಹೀಗೆ ತೆಗೆದ ಕೆಂಪಗೆ ಕಾದ ಬಟ್ಟಲನ್ನು ಒಣ ಎಲೆಯಲ್ಲಿ ಹೊರಳಿಸಿ ಹೊಗೆ ಹಿಡಿಸಿ ನೋಡಿದ. ಈಗ ಎಲ್ಲ ಕಡೆ ಮರದ ಹೊಟ್ಟು, ಕಾಗದ ತುಂಬಿದ ಡಬ್ಬಕ್ಕೆ ಹಾಕಿ ಮುಚ್ಚುತ್ತಾರೆ. ಹೊಗೆ ಬಿರುಕಿನೊಳಗೆ ಇಳಿದು ಕಪ್ಪು ಬಲೆ ಮೂಡುತ್ತೆ, ಆಮ್ಲಜನಕ ಸಿಗದೆ ತಾಮ್ರ ಲೋಹದ ಹಾಗೆ ಮಿಂಚುತ್ತೆ. ನೋಡೋಕೆ ಸೊಗಸು. ಆದರೆ ಸುಟ್ಟ ಶಾಖ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಅಷ್ಟೇ, ಊಟಕ್ಕೆ ಬಳಸುವ ಗಟ್ಟಿ ಮಣ್ಣಿನ ಪಾತ್ರೆಗಳನ್ನು (ಸ್ಟೋನ್‌ವೇರ್) 1200ರ ಮೇಲೆ ಸುಡುತ್ತಾರೆ. ಮೈ ಇನ್ನೂ ನೀರು ಕುಡಿಯುತ್ತೆ. ಬಿರುಕಿನಲ್ಲಿ ಸಾರು ಕೂರುತ್ತೆ, ಹುಳಿ ತಾಗಿದರೆ ತಾಮ್ರ ಬಿಟ್ಟುಕೊಳ್ಳುತ್ತೆ. ನೀರು ಕುಡಿದ ಮೈ ಮೈಕ್ರೋವೇವ್‌ನಲ್ಲಿ ಕೈ ಸುಡುವಷ್ಟು ಕಾಯುತ್ತೆ.

ಬೇರೆ ಗ್ಲೇಜ್ ಪಾತ್ರೆಗಳ ಬಗ್ಗೆ ಅನುಮಾನ ಇದ್ದರೆ ಒಂದು ಹೋಳು ನಿಂಬೆಯನ್ನು ರಾತ್ರಿಯಿಡೀ ಗ್ಲೇಜ್ ಮೇಲೆ ಕವುಚಿ ಇಡಿ. ಬೆಳಿಗ್ಗೆ ಬಣ್ಣ ಮಾಸಿದ್ದರೆ ಅದು ಶೋಕೇಸಿಗೆ ಹೋಗಲಿ. ಮಾಸದಿದ್ದರೆ ಗ್ಲೇಜಿನಲ್ಲಿ ವಿಷದ ಸೀಸ ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ, ಅದನ್ನು ಲ್ಯಾಬ್ ಮಾತ್ರ ಹೇಳಬಲ್ಲದು. ಮಾರುವವರನ್ನು ಇದು ಊಟಕ್ಕಾ, ನೋಟಕ್ಕಾ ಅಂತ ಬಾಯಿಬಿಟ್ಟು ಕೇಳಿ. ಉತ್ತರ ತಡವರಿಸಿದರೆ ನೋಟಕ್ಕೆ ಅಂದುಕೊಳ್ಳಿ. ಮಾಡುವವರ ತಪ್ಪು ಎಲ್ಲಿ ಅಂದರೆ, ನೋಟದ ಪಾತ್ರೆಯನ್ನು ಊಟದ ಪಾತ್ರೆ ಅಂತ ದಾಟಿಸುವುದರಲ್ಲಿ. ಅಲ್ಲಿ ಕಲೆ ಗಿಲೆ ಅನ್ನುವ ಮಾತು ನಡೆಯಲ್ಲ.

ನಿಮ್ಮೂರಿನ ಮೀನು ಸಾರಿನ ಮಡಕೆ ಬೇರೆ ಲೆಕ್ಕ. ಅದಕ್ಕೆ ಗ್ಲೇಜೇ ಇಲ್ಲ, ಗಂಜಿ ಕಾಯಿಸಿ ಪಳಗಿಸಿದ್ದು. ಅದರ ತಂಟೆಗೆ ನಾನು ಬರಲ್ಲ.

ಪ್ರಶ್ನೆ: ಒಡೆದ ಕಪ್ಪನ್ನು ಚಿನ್ನದಲ್ಲಿ ಅಂಟಿಸುವ ಕಿಟ್ ತರಿಸಿದ್ದೇನೆ. ಕಾಫಿ ಕುಡಿಯಬಹುದಾ?
– ಓದುಗರು, ಮೈಸೂರು

ಜಪಾನಿನ ಅಸಲಿ ಪದ್ಧತಿಯಲ್ಲಿ ಅಂಟು ಅಂದರೆ ಒಂದು ಮರದ ಅಂಟುರಸ, ಪದರ ಪದರವಾಗಿ ಹಚ್ಚಿ ವಾರಗಟ್ಟಲೆ ಒಣಗಿಸಿ ಕೊನೆಗೆ ಚಿನ್ನದ ಪುಡಿ ಉದುರಿಸುವುದು. ಕಿಟ್‌ಗಳಲ್ಲಿ ಬರುವುದು ಬಹುಪಾಲು ಎಪಾಕ್ಸಿ ಅನ್ನುವ ರಾಸಾಯನಿಕ ಅಂಟು ಮತ್ತೆ ಹಿತ್ತಾಳೆ ಬಣ್ಣದ ಪುಡಿ. ಬಿಸಿ ಕಾಫಿ ಬೇಡ. ಮತ್ತೆ ದಯವಿಟ್ಟು ಇದಕ್ಕಾಗಿ ಚೆನ್ನಾಗಿರುವ ಕಪ್ಪು ಒಡೆಯಬೇಡಿ, ಒಬ್ಬರು ಹಾಗೂ ಬರೆದಿದ್ದಾರೆ.

ಪ್ರಶ್ನೆ: ಹೂವಿಡೋಕೂ ಆಗದ ಒಂದು ಹೂದಾನಿ ತಂದಿಟ್ಟೆ. ನಮ್ಮ ಮಾವನವರು ಅದರಲ್ಲಿ ಪೆನ್ನು, ಟಾರ್ಚು, ಕರೆಂಟ್ ಬಿಲ್ಲು ತುರುಕಿದ್ದಾರೆ. ಹೇಗೆ ಹೇಳುವುದು?
– ಓದುಗರು, ಹಾಸನ

ಹೇಳಬೇಡಿ. ಉಪಯೋಗ ಇಲ್ಲದ್ದಕ್ಕೆ ಉಪಯೋಗ ಹುಡುಕಿದ್ದಾರೆ, ಮೆಚ್ಚಿಕೊಳ್ಳಿ. ಟಾರ್ಚು ಮಾತ್ರ ತೆಗೆಸಿ, ಮೇಲೆ ಭಾರ ಆದರೆ ಮಗುಚುತ್ತೆ.

ಪ್ರಶ್ನೆ: ಬಿಕಾಂ ಮುಗಿಸಿದ್ದೇನೆ. ಇಂಥ ಕೆಲಸ ಕಲಿಯಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ಮನೆಯಲ್ಲಿ ಚಕ್ರ ಇಲ್ಲ, ಭಟ್ಟಿ ಇಲ್ಲ.
– ಓದುಗರು, ಕಲಬುರಗಿ

ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಕೇಂದ್ರ ಇದೆ. ಅಲ್ಲಿಯ ದಿಕ್ಕು ಬಳಕೆಯ ಕಡೆಗೆ, ಮತ್ತು ಮೊದಲಿಗೆ ಬೇಕಾದ್ದೂ ಅದೇ. ಪುದುಚೇರಿಯಲ್ಲಿ 1971ರಲ್ಲಿ ಡೆಬೊರಾ ಸ್ಮಿತ್ ಮತ್ತು ರೇ ಮೀಕರ್ ಶುರು ಮಾಡಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಿಂದ ನಮ್ಮ ದೇಶದ ಸ್ಟುಡಿಯೋ ಕುಂಬಾರರ ಒಂದು ತಲೆಮಾರೇ ಹೊರಬಂತು. ಅಲ್ಲಿ ಕಲಿತವರು ಊರೂರಲ್ಲಿ ಇದ್ದಾರೆ, ಅಂಥವರ ಬಳಿ ಮಣ್ಣು ನಾದುವ ಕೆಲಸಕ್ಕೆ ಸೇರಿಕೊಳ್ಳುವುದೂ ಒಂದು ದಾರಿ. 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ ಭಾರತದ ಮೊದಲ ಸೆರಾಮಿಕ್ಸ್ ಟ್ರಿಯೆನಾಲೆ (ಮೂರು ವರ್ಷಕ್ಕೊಮ್ಮೆ ಅನ್ನುವ ಲೆಕ್ಕದ ದೊಡ್ಡ ಕಲಾ ಪ್ರದರ್ಶನ) ನಡೆಯಿತು. ಅದರ ಚಿತ್ರಗಳನ್ನು ಹುಡುಕಿ ನೋಡಿ, ಮಣ್ಣಿನಲ್ಲಿ ನಮ್ಮವರು ಏನೇನು ಮಾಡುತ್ತಿದ್ದಾರೆ ಅನ್ನುವ ಅಂದಾಜು ಸಿಗುತ್ತೆ.

ಚಕ್ರ ಇಲ್ಲ ಅಂತ ಕಾಯಬೇಡಿ, ಚೋಜಿರೋಗೂ ಬೇಕಿರಲಿಲ್ಲ. ಕಿತ್ತಳೆ ಗಾತ್ರದ ಉಂಡೆ ಮಾಡಿ, ಹೆಬ್ಬೆರಳು ಒಳಗಿಳಿಸಿ, ತಿರುಗಿಸುತ್ತಾ ಹಿಸುಕಿ ಬಟ್ಟಲು ಮಾಡಿ. ಆದ ತಕ್ಷಣ ದಾರ ಹಿಡಿದು ನಡುವೆ ಸೀಳಿ. ಹೌದು, ಚೆನ್ನಾಗಿ ಬಂದದ್ದನ್ನೇ ಸೀಳಿ. ಗೋಡೆ ಎಲ್ಲಿ ದಪ್ಪ, ತಳದಲ್ಲಿ ಎಷ್ಟು ಮಣ್ಣು ಬಿಟ್ಟಿದ್ದೀರಿ ಅನ್ನುವುದು ಒಳಗಿನಿಂದ ಕಾಣುತ್ತೆ. ಒಂದಷ್ಟು ದಿನ ಯಾವುದನ್ನೂ ಸುಡೋಕೆ ಹೋಗಬೇಡಿ. ಒಣಗಿದ ಚೂರುಗಳನ್ನು ಬಕೆಟ್ ನೀರಿನಲ್ಲಿ ನೆನೆಹಾಕಿ, ಕರಗಿದ ಮೇಲೆ ಹಳೆ ಬಟ್ಟೆ ಮೇಲೆ ಹರಡಿ ನೀರಿಳಿಸಿ, ಮತ್ತೆ ನಾದಿಕೊಂಡರೆ ಅದೇ ಮಣ್ಣು ತಿಂಗಳುಗಟ್ಟಲೆ ಬರುತ್ತೆ. ನೆಲದ ಮೇಲೆ ಬಿದ್ದ ಒಣ ಪುಡಿಯನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆ ಧೂಳಿನಲ್ಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರಲ್ಲ.